ಕ್ಲೇರ್ ಉಪಚುನಾವಣೆ, 1828: ಗೆಲ್ಲಿಸಿದ ಒಕ್ಕಲುಗಳೇ ಮತ ಕಳೆದುಕೊಂಡರು. ಇದನ್ನು ಗೆಲುವು ಎನ್ನೋಣವೇ?

ಶಾನನ್ ತೀರದವಳು

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ನರ್ಸ್ ಕೆಲಸಕ್ಕೆ ಸೇರಿ ಆರು ವರ್ಷವಾಯಿತು. ರಜೆ ಸಿಕ್ಕಿದ ದಿನ ಎನಿಸ್ ಪೇಟೆಗೆ ಹೋಗಿ ಬರುವುದು ರೂಢಿ. ಕ್ಲೇರ್ ಕೌಂಟಿಯ ಕೇಂದ್ರ ಅದು. ಇಕ್ಕಟ್ಟು ಬೀದಿಗಳು ಬಂದು ಸೇರುವ ಚೌಕದಲ್ಲಿ ಎತ್ತರದ ಕಂಬ, ಅದರ ತುದಿಯಲ್ಲಿ ಡೇನಿಯಲ್ ಓಕಾನೆಲ್ ಪ್ರತಿಮೆ. ಅದರ ಬುಡದಲ್ಲಿ ಗೆಳತಿಯರಿಗಾಗಿ ಎಷ್ಟೋ ಸಲ ಕಾದಿದ್ದೇನೆ. ಮೇಲೆ ನಿಂತವರು ಯಾರು ಎಂದು ವಿಚಾರಿಸಿರಲಿಲ್ಲ. ಕಳೆದ ತಿಂಗಳು ನಮ್ಮ ವಾರ್ಡಿನಲ್ಲಿದ್ದ ವೃದ್ಧರೊಬ್ಬರು ಆ ಕಥೆ ಹೇಳಿದರು. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ, ಸಮಾಧಾನವಾಗಿಲ್ಲ.

ವಸಾಹತು ಕಾಲದ ಆ ಚುನಾವಣೆಯ ಕಥೆ ಇಷ್ಟು. 1828ರಲ್ಲಿ ಕ್ಲೇರ್ ಕ್ಷೇತ್ರಕ್ಕೆ ಬ್ರಿಟಿಷ್ ಸಂಸತ್ತಿನ ಉಪಚುನಾವಣೆ ಬಂತು. ಇಡೀ ಕ್ಷೇತ್ರ ಹಳ್ಳಿಗಾಡು. ಮತದಾರರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಗೇಣಿದಾರರು, ಜಮೀನೆಲ್ಲ ಬಹುಪಾಲು ಪ್ರಾಟೆಸ್ಟಂಟ್ ಧಣಿಗಳದು. ಕ್ಯಾಥೊಲಿಕರು ಮತ ಹಾಕಬಹುದಿತ್ತು, ಆದರೆ ಗೆದ್ದರೂ ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ಅಂಥ ಕಡೆ ಕ್ಯಾಥೊಲಿಕ್ ವಕೀಲ ಓಕಾನೆಲ್ ಸ್ಪರ್ಧೆಗೆ ಇಳಿದರು. ಜೂನ್ 30ರಂದು ಎನಿಸ್ ನ್ಯಾಯಾಲಯದಲ್ಲಿ ಹೆಸರು ಸೂಚಿಸಿದರು, ಜುಲೈ 5ಕ್ಕೆ ಎಣಿಕೆ ಮುಗಿಯಿತು. ಓಕಾನೆಲ್‌ಗೆ 2,057, ಎದುರಾಳಿ ವೆಸಿ ಫಿಟ್ಜ್‌ಜೆರಾಲ್ಡ್‌ಗೆ 982. ಲಂಡನ್ ನಡುಗಿತು. 1829ರ ಏಪ್ರಿಲ್ 13ರಂದು ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವ ಕಾಯ್ದೆಗೆ ದೊರೆಯ ಅಂಕಿತ ಬಿತ್ತು.

ಅದೇ ದಿನ ಇನ್ನೊಂದು ಕಾಯ್ದೆಗೂ ಅಂಕಿತ ಬಿತ್ತು. ಓಕಾನೆಲ್‌ರನ್ನು ಗೆಲ್ಲಿಸಿದ ಬಡ ಗೇಣಿದಾರರ ಮತದ ಹಕ್ಕನ್ನು ಅದು ರದ್ದು ಮಾಡಿತು. ಆ ವೃದ್ಧರು ಇದನ್ನು ಹೇಳುವಾಗ ನಿನ್ನೆ ತಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತಿರುವಂತಿತ್ತು. ನನ್ನ ಪ್ರಶ್ನೆ: ಇದು ಯಾರ ಗೆಲುವು?

ಬಯಲುಸೀಮೆ

ಉಪಚುನಾವಣೆ ಏಕೆ ಬಂತು? ಆ ಫಿಟ್ಜ್‌ಜೆರಾಲ್ಡ್ ಮೊದಲೇ ಸದಸ್ಯರಾಗಿದ್ದರಲ್ಲವೇ? ಸಾವಿಲ್ಲ, ರಾಜೀನಾಮೆ ಇಲ್ಲ.

ಹಳೆಯ ವಕೀಲ

ಅವರು ಮಂತ್ರಿಯಾದರು, ಅದಕ್ಕೇ ಬಂತು. ಸಂಸತ್ ಸದಸ್ಯನೊಬ್ಬ ದೊರೆಯ ಸಂಬಳದ ಹುದ್ದೆ ಒಪ್ಪಿಕೊಂಡರೆ ಸ್ಥಾನ ತೆರವಾಗುತ್ತಿತ್ತು, ಮತ್ತೆ ತನ್ನ ಕ್ಷೇತ್ರದ ಒಪ್ಪಿಗೆ ಪಡೆದು ಬರಬೇಕಾಗಿತ್ತು. ಅರಮನೆ ಹುದ್ದೆಗಳನ್ನು ಹಂಚಿ ಸದಸ್ಯರನ್ನು ಕೊಂಡುಕೊಳ್ಳಬಾರದು ಎಂಬುದು ಉದ್ದೇಶ. ಬ್ರಿಟನ್ನಿನಲ್ಲಿ ಈ ನಿಯಮ ಪೂರ್ತಿ ಹೋದದ್ದು 1926ರಲ್ಲಿ. 1828ರ ಮೇ ತಿಂಗಳಲ್ಲಿ ಹಸ್ಕಿಸನ್ ಎಂಬ ಮಂತ್ರಿ ಮತ್ತು ಸಂಗಡಿಗರು ಪ್ರಧಾನಿ ವೆಲಿಂಗ್ಟನ್ ಸಂಪುಟ ಬಿಟ್ಟರು. ತೆರವಾದ ವ್ಯಾಪಾರ ಮಂಡಳಿಯ ಅಧ್ಯಕ್ಷ ಸ್ಥಾನಕ್ಕೆ ಫಿಟ್ಜ್‌ಜೆರಾಲ್ಡ್ ಬಂದರು. ಕ್ಲೇರ್‌ಗೆ ಹೋಗಿ ಮರುಆಯ್ಕೆಯಾಗಿ ಬರುವುದು ಬರಿಯ ಶಾಸ್ತ್ರ ಎಂದು ಎಲ್ಲರೂ ಭಾವಿಸಿದ್ದರು.

ಇನ್ನೊಂದು ಮಾತು, ಮುಖ್ಯವಾದದ್ದು. ಕ್ಯಾಥೊಲಿಕ್ ವ್ಯಕ್ತಿ ಸ್ಪರ್ಧಿಸಬಾರದು ಎಂದು ಯಾವ ಕಾಯ್ದೆಯೂ ಹೇಳಿರಲಿಲ್ಲ. ತಡೆ ಇದ್ದದ್ದು ಸದನದ ಒಳಗಿನ ಪ್ರಮಾಣವಚನದಲ್ಲಿ. ಧರ್ಮದ ವಿಷಯದಲ್ಲಿ ದೊರೆಯೇ ಪರಮಾಧಿಕಾರಿ ಎಂದು ಒಪ್ಪಬೇಕು, ಕ್ಯಾಥೊಲಿಕರ ಪೂಜೆ ಮೌಢ್ಯ ಮತ್ತು ವಿಗ್ರಹಾರಾಧನೆ ಎಂದು ಘೋಷಿಸಬೇಕು. ತನ್ನ ತಾಯಿಯ ದೇವರನ್ನು ಬೈದು ಒಳಗೆ ಹೋಗಬೇಕು ಎಂದರೆ ಯಾರು ಹೋಗುತ್ತಾರೆ? ತಾನು ಆ ಪ್ರಮಾಣ ಮಾಡುವುದೇ ಇಲ್ಲ ಎಂದು ಓಕಾನೆಲ್ ಮತದಾರರಿಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದರು. ಕಾನೂನಿನಲ್ಲಿ ಸೀಳೊಂದು ಇತ್ತು, ವಕೀಲ ಅದನ್ನು ಹುಡುಕಿದ. ನಮ್ಮ ವೃತ್ತಿಯ ಬಗ್ಗೆ ಹೆಮ್ಮೆ ಪಡುವ ಕ್ಷಣಗಳಲ್ಲಿ ಇದೂ ಒಂದು.

ಮಲೆನಾಡ ಮಳೆ

ಇದನ್ನು ವಸಾಹತು ಕಾಲದ ಚುನಾವಣೆ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. 1801ರಿಂದ ಐರ್ಲೆಂಡ್ ಯುನೈಟೆಡ್ ಕಿಂಗ್‌ಡಮ್‌ನ ಭಾಗ. ಲಂಡನ್ ಸಂಸತ್ತಿಗೆ ಸದಸ್ಯರನ್ನು ಕಳುಹಿಸುತ್ತಿತ್ತು. 1828ರಲ್ಲಿ ನಮ್ಮ ಧಾರವಾಡದಿಂದಲೋ ಬಳ್ಳಾರಿಯಿಂದಲೋ ಯಾರಾದರೂ ಲಂಡನ್ನಿಗೆ ಸದಸ್ಯರಾಗಿ ಹೋಗಿದ್ದರೇ? ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಚರಿತ್ರೆ ಮೇಷ್ಟ್ರು

ಕಾಗದದ ಮೇಲೆ ನೀವು ಹೇಳಿದ್ದು ಸರಿ. ನೆಲದ ಮೇಲೆ ನೋಡಿ. ಡಬ್ಲಿನ್ ಕೋಟೆಯಲ್ಲಿ ದೊರೆಯ ಪ್ರತಿನಿಧಿಯಾಗಿ ಲಾರ್ಡ್ ಲೆಫ್ಟಿನೆಂಟ್ ಕುಳಿತಿದ್ದ. ಸ್ಕಾಟ್ಲೆಂಡಿಗೆ ಅಂಥ ಒಬ್ಬ ಇರಲಿಲ್ಲ. ಜಮೀನು ಯುದ್ಧದಲ್ಲಿ ಸೋತವರಿಂದ ಕಿತ್ತು ಹೊರಗಿನಿಂದ ಬಂದವರಿಗೆ ಕೊಟ್ಟದ್ದು. ಬಹುಸಂಖ್ಯಾತರ ಧರ್ಮದವರಿಗೆ ಉನ್ನತ ಹುದ್ದೆಗಳು ಮುಚ್ಚಿದ್ದವು. ಇದಕ್ಕೆ ವಸಾಹತು ಎನ್ನದೆ ಬೇರೆ ಹೆಸರು ಹುಡುಕುವುದು ಕಷ್ಟ. ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟ ವಸಾಹತು ಎನ್ನಿ ಬೇಕಾದರೆ. ಕ್ಲೇರ್‌ನ ಜನ ಏಟು ಕೊಟ್ಟದ್ದು ಆ ಅರ್ಧ ತೆರೆದ ಬಾಗಿಲಿನಿಂದಲೇ.

ಕಾವೇರಿ ದಂಡೆ

ಮೇಷ್ಟ್ರೇ, ಇದಕ್ಕೆ ನಮ್ಮ ಊರಿನ ಕೊಂಡಿಯೂ ಇದೆ. ಆಗ ಪ್ರಧಾನಿಯಾಗಿದ್ದ ಡ್ಯೂಕ್ ಆಫ್ ವೆಲಿಂಗ್ಟನ್ ಎಂದರೆ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಿಕ್ಕು ತಪ್ಪಿ ಸೋತು ಹಿಂದಿರುಗಿದವನು. ಮೇ 4ರಂದು ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು. ಮರುವರ್ಷ ಬಂಡೆದ್ದ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದವನೂ ಅವನೇ, ಅವನ ಅನಾಥ ಮಗನನ್ನು ಸಾಕಿದವನೂ ಅವನೇ. ಹುಟ್ಟಿದ್ದು ಮಾತ್ರ ಐರ್ಲೆಂಡಿನಲ್ಲಿ, ಪ್ರಾಟೆಸ್ಟಂಟ್ ಧಣಿಗಳ ಮನೆಯಲ್ಲಿ.

ಅವನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್. 1821ರಿಂದ 1828ರ ಆರಂಭದವರೆಗೆ ಡಬ್ಲಿನ್ ಕೋಟೆಯಲ್ಲಿ ಮೇಷ್ಟ್ರು ಹೇಳಿದ ಆ ಲಾರ್ಡ್ ಲೆಫ್ಟಿನೆಂಟ್ ಅವನೇ! ಕಲ್ಕತ್ತೆಯಿಂದ ನಮ್ಮನ್ನು ಆಳಿದವರನ್ನೇ ಡಬ್ಲಿನ್ನಿಗೂ ಕಳುಹಿಸಿದರು. ಮಳೆಯವರೇ, ವಸಾಹತು ಹೌದೋ ಅಲ್ಲವೋ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಲೆನಾಡ ಮಳೆ

ಆ ರಿಚರ್ಡ್ ವೆಲ್ಲೆಸ್ಲಿ ಕ್ಯಾಥೊಲಿಕರ ಹಕ್ಕಿನ ಪರವಾಗಿದ್ದವನು ಎಂಬುದನ್ನೂ ಸೇರಿಸಿ. ತಮ್ಮ ವಿರೋಧಿ, ಅಣ್ಣ ಪರ. ಒಂದೇ ಮನೆಯೊಳಗೆ ಎರಡು ಅಭಿಪ್ರಾಯ ಇದ್ದುದನ್ನು ಬಿಟ್ಟು ಮಾತಾಡಿದರೆ ಚಿತ್ರ ಅರ್ಧವಾಗುತ್ತದೆ.

ಕಾವೇರಿ ದಂಡೆ

ಸರಿ, ಒಪ್ಪಿದೆ.

ಹೊಸ ಓದುಗಳು

ಗೇಣಿದಾರರಿಗೆ ಆ ಕಾಲದಲ್ಲಿ ಮತ ಹೇಗೆ ಸಿಕ್ಕಿತು? ಇಂಗ್ಲೆಂಡಿನಲ್ಲೇ ಬಡವರಿಗೆ ಮತವಿರಲಿಲ್ಲ ಎಂದು ಶಾಲೆಯಲ್ಲಿ ಓದಿದ ನೆನಪು.

ಚರಿತ್ರೆ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದಿರಿ, ಇಡೀ ಕಥೆ ನಿಂತಿರುವುದೇ ಇದರ ಮೇಲೆ. ವರ್ಷಕ್ಕೆ 40 ಷಿಲಿಂಗ್, ಅಂದರೆ 2 ಪೌಂಡ್ ಬೆಲೆಯ ಸ್ವಂತ ಹಿಡುವಳಿ ಇದ್ದವನಿಗೆ ಕೌಂಟಿ ಕ್ಷೇತ್ರದಲ್ಲಿ ಮತ. ಐರ್ಲೆಂಡಿನಲ್ಲಿ ಜೀವಾವಧಿ ಗುತ್ತಿಗೆಯನ್ನೂ ಸ್ವಂತ ಹಿಡುವಳಿ ಎಂದೇ ಲೆಕ್ಕ ಹಾಕುತ್ತಿದ್ದರು. ಗುತ್ತಿಗೆ ಪತ್ರದಲ್ಲಿ ಒಬ್ಬರ ಅಥವಾ ಮೂವರ ಹೆಸರು ಬರೆಯುವುದು. ಆ ಹೆಸರಿನವರಲ್ಲಿ ಕೊನೆಯವರು ಬದುಕಿರುವವರೆಗೆ ಭೂಮಿ ನಿನ್ನದು. ನಮ್ಮ ಕರಾವಳಿಯ ಮೂಲಗೇಣಿಯಷ್ಟು ಭದ್ರವಲ್ಲ, ವರ್ಷವರ್ಷವೂ ಎಬ್ಬಿಸಬಹುದಾದ ಚಾಲಗೇಣಿಯಷ್ಟು ಸಡಿಲವೂ ಅಲ್ಲ.

1793ರಲ್ಲಿ ಕ್ಯಾಥೊಲಿಕರಿಗೆ ಮತದ ಹಕ್ಕು ಮರಳಿತು. ಕೂಡಲೇ ಧಣಿಗಳು ಜಮೀನನ್ನು ಚೂರು ಚೂರು ಮಾಡಿ ಇಂಥ ಗುತ್ತಿಗೆಗಳನ್ನು ರಾಶಿ ರಾಶಿಯಾಗಿ ಬರೆದುಕೊಟ್ಟರು. ಒಕ್ಕಲುಗಳ ಮೇಲಿನ ಪ್ರೀತಿಯಿಂದಲ್ಲ. ಹೆಚ್ಚು ಒಕ್ಕಲು ಎಂದರೆ ಹೆಚ್ಚು ಮತ, ಹೆಚ್ಚು ಮತ ಎಂದರೆ ಡಬ್ಲಿನ್‌ನಲ್ಲಿ, ಲಂಡನ್ನಿನಲ್ಲಿ ಹೆಚ್ಚು ಮಾತು. ಮತದಾನ ಬಾಯಿಮಾತಿನದು. ಅಧಿಕಾರಿಯ ಎದುರು ನಿಂತು ಅಭ್ಯರ್ಥಿಯ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ, ಪಕ್ಕದಲ್ಲಿ ಧಣಿಯ ಕಾರಭಾರಿ ನಿಂತಿರುತ್ತಾನೆ. ಧಣಿ ಹೇಳಿದ ಹೆಸರಿಗೆ ಬಿಟ್ಟು ಬೇರೆಗೆ ಬಾಯಿ ತೆರೆದರೆ ಹಳೆಯ ಬಾಕಿ ಕೇಳುತ್ತಾರೆ, ಗುತ್ತಿಗೆ ಮುಗಿದಾಗ ಹೊರಗೆ ಹಾಕುತ್ತಾರೆ. ಗುಪ್ತ ಮತದಾನ ಬಂದದ್ದು 1872ರಲ್ಲಿ.

ಈಗ ಆ 2,057ನ್ನು ಇನ್ನೊಮ್ಮೆ ಓದಿ. ಅದು ಪೆಟ್ಟಿಗೆಯಿಂದ ತೆಗೆದ ಚೀಟಿಗಳ ಲೆಕ್ಕವಲ್ಲ. ಧಣಿಯ ಮುಖ ನೋಡುತ್ತಾ ಒಬ್ಬೊಬ್ಬರೂ ಗಂಟಲು ತೆರೆದು ಹೇಳಿದ ಹೆಸರು.

ಗೇಣಿಮನೆ

ಮೇಷ್ಟ್ರು ಬರೆದದ್ದನ್ನು ಓದಿ ಕೈ ನಡುಗಿತು. ನನ್ನ ಅಜ್ಜನದು ಕುಂದಾಪುರದ ಕಡೆ ಚಾಲಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಗೇಣಿ. ಅಳೆದು ಕೊಡುವ ದಿನ ಧಣಿಗಳ ಅಂಗಳದಲ್ಲಿ ಅಜ್ಜ ಕೂತದ್ದನ್ನು ಅಪ್ಪ ಒಮ್ಮೆಯೂ ನೋಡಲಿಲ್ಲವಂತೆ, ನಿಂತೇ ಇರುತ್ತಿದ್ದರಂತೆ.

1952ರ ಮೊದಲ ಚುನಾವಣೆ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಗೆ ಚಿಹ್ನೆ ಅಂಟಿಸಿರುತ್ತಿತ್ತು. ಕೊಟ್ಟ ಚೀಟಿಯನ್ನು ಮರೆಯಲ್ಲಿ ಹೋಗಿ ಬೇಕಾದ ಪೆಟ್ಟಿಗೆಗೆ ಹಾಕಬೇಕು. ಹಿಂದಿನ ಸಂಜೆ ಧಣಿಗಳು ಒಕ್ಕಲುಗಳನ್ನು ಕರೆಸಿ ಯಾವ ಚಿಹ್ನೆ ಎಂದು ತೋರಿಸಿಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಮರುದಿನ ಅಜ್ಜ ಮರೆಯೊಳಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲವಂತೆ. ಒಳಗಿನಿಂದಲೂ ಧಣಿಗಳಿಗೆ ಕಾಣುತ್ತದೆ ಎಂಬ ಭಯವಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಬಂದ ಮೇಲೆ ಯಾವುದಕ್ಕೆ ಹಾಕಿದಿರಿ ಎಂದು ಅಜ್ಜಿ ಕೇಳಿದರೆ, ಅಜ್ಜ ಬಾಯಿ ಬಿಡಲಿಲ್ಲ. ಸಾಯುವವರೆಗೂ ಹೇಳಲಿಲ್ಲ. ಅವರ ಜೀವನದಲ್ಲಿ ಧಣಿಗಳಿಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ಅದು.

ಆ ಮರೆಯೂ ಇಲ್ಲದೆ, ಕಾರಭಾರಿಯ ಮುಂದೆ ನಿಂತು ಹೆಸರು ಹೇಳಿದ ಕ್ಲೇರ್‌ನ ಒಕ್ಕಲುಗಳ ಎದೆಗಾರಿಕೆಯನ್ನು ಯೋಚಿಸಿದರೆ ನನಗೆ ಮಾತು ಬರುವುದಿಲ್ಲ.

ಶಾನನ್ ತೀರದವಳು

ಗೇಣಿಮನೆಯವರೇ, ನಿಮ್ಮ ಅಜ್ಜನಿಗೆ ನಮಸ್ಕಾರ.

ಎನಿಸ್‌ನಲ್ಲಿ ಆ ದಿನಗಳು ಹೇಗಿದ್ದವು ಎಂಬುದನ್ನೂ ಹೇಳಬೇಕು. ಹಳ್ಳಿ ಹಳ್ಳಿಯಿಂದ ಪಾದ್ರಿಗಳು ತಮ್ಮ ಚರ್ಚಿಗೆ ಸೇರಿದ ಮತದಾರರನ್ನು ಸಾಲಾಗಿ ನಡೆಸಿಕೊಂಡು ಬಂದರು, ಹಸಿರು ಕೊಂಬೆಗಳನ್ನು ಹಿಡಿದು, ವಾದ್ಯ ಬಾರಿಸುತ್ತಾ. ಸಣ್ಣ ಪೇಟೆಗೆ ಸುಮಾರು 30,000 ಜನ ಸೇರಿದ್ದರು ಎನ್ನುತ್ತಾರೆ. ಚುನಾವಣೆ ಮುಗಿಯುವವರೆಗೆ ಯಾರೂ ವಿಸ್ಕಿ ಮುಟ್ಟಬಾರದು ಎಂದು ಆಣೆ. ಮುಟ್ಟಲಿಲ್ಲ. ಸೈನ್ಯ, ಪೊಲೀಸರು ಗಲಭೆಗೆ ಕಾದು ಕುಳಿತಿದ್ದರು. ಗಲಭೆ ಆಗಲೇ ಇಲ್ಲ. ಆ ಕಾಲದ ಚುನಾವಣೆಗಳಲ್ಲಿ ಹೆಂಡ ಹರಿಯುತ್ತಿತ್ತು, ತಲೆ ಒಡೆಯುತ್ತಿತ್ತು. ಈ ಮೌನವೇ ಲಂಡನ್ನಿನವರನ್ನು ಹೆಚ್ಚು ಹೆದರಿಸಿತು ಎಂದು ನನಗೆ ಅನ್ನಿಸುತ್ತದೆ.

ಹೆಬ್ಬಾಗಿಲು

ಎಲ್ಲರೂ ಇಷ್ಟು ಕೊಂಡಾಡುವಾಗ ಒಂದು ಕಹಿ ಮಾತು. ಧಣಿಯ ಹಿಂದೆ ನಡೆಯುತ್ತಿದ್ದವರು ಪಾದ್ರಿಯ ಹಿಂದೆ ನಡೆದರು. ಯಜಮಾನ ಬದಲಾದ, ಅಷ್ಟೇ. ಧಣಿಗೆ ಮತ ಹಾಕಿದರೆ ಪರಲೋಕ ಹೋಯಿತು ಎಂದು ಹೆದರಿಸುವುದು ಸ್ವಾತಂತ್ರ್ಯವೇ? ನಮ್ಮಲ್ಲಿ ಮಠಗಳಿಂದ ಚುನಾವಣೆಯ ಅಪ್ಪಣೆ ಹೊರಟರೆ ನೀವೆಲ್ಲ ಟೀಕಿಸುತ್ತೀರಿ.

ಗೇಣಿಮನೆ

ಹೆಬ್ಬಾಗಿಲು ಅವರೇ, ಪಾದ್ರಿ ಹೆದರಿಸಿದರೆ ಮನಸ್ಸಿಗೆ ಅಂಜಿಕೆ. ಧಣಿ ಹೆದರಿಸಿದರೆ ಒಲೆ ಆರುತ್ತದೆ. ಎರಡೂ ಸಮ ಎನ್ನುವವರು ಒಕ್ಕಲೆಬ್ಬಿಸಿದ ಮನೆಯನ್ನು ಒಮ್ಮೆ ನೋಡಬೇಕು.

ಚರಿತ್ರೆ ಮೇಷ್ಟ್ರು

ಪಾದ್ರಿಗಳ ಒತ್ತಡ ಇದ್ದದ್ದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಒಕ್ಕಲುಗಳು ಕುರಿಗಳಾಗಿರಲಿಲ್ಲ. 1823ರಲ್ಲಿ ಕ್ಯಾಥೊಲಿಕರ ಹಕ್ಕಿಗಾಗಿ ಹೋರಾಡುವ ಕ್ಯಾಥೊಲಿಕ್ ಅಸೋಸಿಯೇಷನ್ ಹುಟ್ಟಿತು. ಮರುವರ್ಷ ತಿಂಗಳಿಗೆ ಒಂದು ಪೆನ್ನಿಯ ವಂತಿಗೆ ಶುರುವಾಯಿತು. ನಮ್ಮಲ್ಲಿ ಮುಷ್ಟಿ ಅಕ್ಕಿ ಎತ್ತಿ ಶಾಲೆ, ಹಾಸ್ಟೆಲ್ ಕಟ್ಟಿದ್ದೇವಲ್ಲ, ಅದೇ ಬಗೆ. ತಿಂಗಳು ತಿಂಗಳು ಪೆನ್ನಿ ಕೊಟ್ಟವನಿಗೆ ಇದು ತನ್ನ ಸಂಘ ಎಂಬ ಭಾವ ಬರುತ್ತದೆ. 1826ರಲ್ಲಿ ವಾಟರ್‌ಫರ್ಡ್ ಕ್ಷೇತ್ರದಲ್ಲಿ ಬೆರೆಸ್‌ಫರ್ಡ್ ಎಂಬ ಬಲಾಢ್ಯ ಮನೆತನವನ್ನು ಇದೇ 40 ಷಿಲಿಂಗ್ ಒಕ್ಕಲುಗಳು ಸೋಲಿಸಿದರು. ಎರಡು ವರ್ಷ ಮೊದಲೇ ಗಂಟಲು ತೆರೆದಿತ್ತು.

ಬಯಲುಸೀಮೆ

ಗೆದ್ದರೂ ಒಳಗೆ ಬಿಡಲಿಲ್ಲ ಎಂದಾಗ ನನಗೆ 1978ರ ಚಿಕ್ಕಮಗಳೂರು ನೆನಪಾಯಿತು. ನವೆಂಬರಿನಲ್ಲಿ ಉಪಚುನಾವಣೆ, ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆಯಿಂದ ಉಚ್ಚಾಟನೆ. ಕಾಫಿ ತೋಟದ ಕೂಲಿಯವರ ಸಾಲನ್ನು ನಮ್ಮ ತಂದೆ ನೋಡಿದ್ದರು, ಅಷ್ಟು ಉದ್ದದ ಸಾಲನ್ನು ಮತ್ತೆಂದೂ ನೋಡಲಿಲ್ಲ ಎನ್ನುತ್ತಿದ್ದರು.

ಹಳೆಯ ವಕೀಲ

ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಚಿಕ್ಕಮಗಳೂರಿನ ಸದಸ್ಯೆಯನ್ನು ಹೊರಹಾಕಿದ್ದು ಹಕ್ಕುಚ್ಯುತಿಯ ವಿಷಯದಲ್ಲಿ, ಹುಟ್ಟಿದ ಧರ್ಮದ ಕಾರಣಕ್ಕಲ್ಲ.

ಓಕಾನೆಲ್ ಸದನಕ್ಕೆ ಹೋದ ದಿನದ ಬಗ್ಗೆ ಹೇಳುತ್ತೇನೆ, ಅಲ್ಲಿಯೂ ಒಂದು ಸಣ್ಣತನ ನಡೆಯಿತು. ಹೊಸ ಕಾಯ್ದೆಯ ಪ್ರಕಾರ ಕ್ಯಾಥೊಲಿಕರಿಗೆ ಹೊಸ ಪ್ರಮಾಣವಚನ ಬಂದಿತ್ತು. ಆದರೆ ಕಾಯ್ದೆ ಜಾರಿಯಾದ ನಂತರ ಆಯ್ಕೆಯಾದವರಿಗೆ ಮಾತ್ರ ಎಂದು ಬರೆದಿದ್ದರು. ಯಾರ ಗೆಲುವಿನಿಂದ ಕಾಯ್ದೆ ಬಂತೋ ಆ ಒಬ್ಬ ಮನುಷ್ಯನನ್ನು ಹೊರಗಿಡುವ ಒಂದು ವಾಕ್ಯ! 1829ರ ಮೇ ತಿಂಗಳಲ್ಲಿ ಹಳೆಯ ಪ್ರಮಾಣಪತ್ರವನ್ನು ಅವರ ಕೈಗೆ ಕೊಟ್ಟರು. ಓದಿ ನೋಡಿ, ಇದರಲ್ಲಿ ಒಂದು ಮಾತು ಸುಳ್ಳೆಂದು ನನಗೆ ತಿಳಿದಿದೆ, ಇನ್ನೊಂದು ಮಾತು ನಿಜವೆಂದು ನಾನು ನಂಬುವುದಿಲ್ಲ ಎಂಬರ್ಥದಲ್ಲಿ ಹೇಳಿ ಪತ್ರವನ್ನು ಹಿಂದಿರುಗಿಸಿದರು. ಸ್ಥಾನ ಮತ್ತೆ ತೆರವು, ಮತ್ತೆ ಉಪಚುನಾವಣೆ. ಜುಲೈ 30ರಂದು ಕ್ಲೇರ್‌ನಿಂದಲೇ ಅವಿರೋಧ ಆಯ್ಕೆ. ಸದನದಲ್ಲಿ ಕುಳಿತದ್ದು 1830ರ ಫೆಬ್ರುವರಿಯಲ್ಲಿ.

ಗೇಣಿಮನೆ

ಆ ಎರಡನೆಯ ಆಯ್ಕೆಯ ಹೊತ್ತಿಗೆ ಮೊದಲು ಗೆಲ್ಲಿಸಿದವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ ಅಲ್ಲವೇ?

ಹಳೆಯ ವಕೀಲ

ಹೌದು, ಇರಲಿಲ್ಲ. ಮತಕ್ಕೆ ಬೇಕಾದ ಹಿಡುವಳಿಯ ಬೆಲೆಯನ್ನು 40 ಷಿಲಿಂಗಿನಿಂದ 10 ಪೌಂಡಿಗೆ ಏರಿಸಿದ್ದರು. ಐದು ಪಟ್ಟು. ಐರ್ಲೆಂಡಿನ ಕೌಂಟಿ ಮತದಾರರ ಸಂಖ್ಯೆ ಸುಮಾರು 2,16,000ದಿಂದ ಸುಮಾರು 37,000ಕ್ಕೆ ಇಳಿಯಿತು.

ಗೇಣಿಮನೆ

ಹಾಗಾದರೆ ಓಕಾನೆಲ್ ಆ ಒಕ್ಕಲುಗಳನ್ನು ಮಾರಿದರು ಎಂದೇ ನಾನು ಹೇಳುತ್ತೇನೆ. ಒಳಗೆ ಹೋಗಬೇಕಾದವರು ಯಾರು? ವಕೀಲರು, ವ್ಯಾಪಾರಿಗಳು, ಭೂಮಿಯಿದ್ದ ಕ್ಯಾಥೊಲಿಕರು. ಒಕ್ಕಲಿಗೆ ಲಂಡನ್ ಸಂಸತ್ತಿನ ಕುರ್ಚಿ ಏಕೆ ಬೇಕಿತ್ತು? ಅವನ ಕೈಯಲ್ಲಿದ್ದದ್ದು ಒಂದೇ ಮತ. ಧಣಿಯ ಸಿಟ್ಟನ್ನು ಮೈಮೇಲೆ ಹಾಕಿಕೊಂಡು ಅದನ್ನು ಬಳಸಿದ. ಮೆಟ್ಟಿಲಾಗಿ ಅವನನ್ನು ತುಳಿದು ಮೇಲೆ ಹೋದ ಮೇಲೆ ಮೆಟ್ಟಿಲನ್ನೇ ಕಿತ್ತರು.

ಮಲೆನಾಡ ಮಳೆ

ಆತುರದ ತೀರ್ಪು ಬೇಡ. ಮತ ಕಿತ್ತದ್ದು ವೆಲಿಂಗ್ಟನ್ ಮತ್ತು ಗೃಹಮಂತ್ರಿ ಪೀಲ್. ಓಕಾನೆಲ್ ಆಗ ಸದನದ ಹೊರಗಿದ್ದರು, ಮತ ಹಾಕುವ ಅಧಿಕಾರವೂ ಇರಲಿಲ್ಲ. ಸರ್ಕಾರ ಎರಡನ್ನೂ ಒಟ್ಟಿಗೆ ಕಟ್ಟಿ ಇಟ್ಟಿತು: ಬೇಕಾದರೆ ಇದರ ಜೊತೆ ಅದನ್ನೂ ತೆಗೆದುಕೊಳ್ಳಿ. ನಿರಾಕರಿಸಿದ್ದರೆ ಎರಡೂ ಹೋಗುತ್ತಿತ್ತು. ಆ ಇಬ್ಬರಿಗೂ ಇದು ಸುಲಭವಾಗಿರಲಿಲ್ಲ. ಪೀಲ್ ತನ್ನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮತ್ತೆ ನಿಂತರು, 755ಕ್ಕೆ 609ರಂತೆ ಸೋತರು. ವೆಲಿಂಗ್ಟನ್‌ಗೆ ಪ್ರಧಾನಿಯಾಗಿರುವಾಗಲೇ ಲಾರ್ಡ್ ವಿಂಚಿಲ್ಸಿಯೊಂದಿಗೆ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಲ್ಲಬೇಕಾಯಿತು.

ಚರಿತ್ರೆ ಮೇಷ್ಟ್ರು

ಮಳೆಯವರೇ, ಓಕಾನೆಲ್ ಅಷ್ಟು ನಿರ್ದೋಷಿಯಲ್ಲ. 1825ರಲ್ಲಿ ಇದೇ ಬಗೆಯ ಒಪ್ಪಂದ ಮೇಜಿನ ಮೇಲೆ ಬಂದಿತ್ತು, ಒಕ್ಕಲುಗಳ ಮತ ಬಿಟ್ಟುಕೊಡಲು ಆಗ ಅವರು ಒಪ್ಪಿದ್ದರು. ಧಣಿಗಳ ಕೈಗೊಂಬೆಗಳ ಮತ ಹೋದರೆ ಹೋಗಲಿ ಎಂಬ ಎಣಿಕೆ. ಆ ಮಸೂದೆ ಮೇಲ್ಮನೆಯಲ್ಲಿ ಬಿತ್ತು. ಮರುವರ್ಷ ವಾಟರ್‌ಫರ್ಡ್‌ನಲ್ಲಿ ಆ 'ಕೈಗೊಂಬೆ'ಗಳು ಮಾಡಿದ್ದನ್ನು ನೋಡಿ ತನ್ನದು ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು, ಇನ್ನು ಮುಂದೆ ಅವರ ಹಕ್ಕನ್ನು ಬಿಟ್ಟುಕೊಡುವುದಿಲ್ಲ ಎಂದರು. 1829ರಲ್ಲಿ ವಿರೋಧಿಸಿದರು, ಆದರೆ ಕ್ಲೇರ್‌ನಲ್ಲಿ ತೋರಿಸಿದ ಬಿಸಿ ಆ ವಿರೋಧದಲ್ಲಿ ಇರಲಿಲ್ಲ. ಊರೂರಿನಲ್ಲಿ ಸಭೆ ಸೇರಿಸಬಲ್ಲ ಮನುಷ್ಯ ಆಗ ಸೇರಿಸಲಿಲ್ಲ. ಅದು ನನಗೆ ನೋವಿನ ಸಂಗತಿ. ಮಾರಿದರು ಎನ್ನಲಾರೆ; ಕಾಯಲಿಲ್ಲ ಎನ್ನುತ್ತೇನೆ.

ಹೆಬ್ಬಾಗಿಲು

ಫಿಟ್ಜ್‌ಜೆರಾಲ್ಡ್ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಆತ ಕ್ಯಾಥೊಲಿಕರ ಪರವಾಗಿ ಮತ ಹಾಕಿದ್ದವನು. ಅವನ ತಂದೆ ಐರ್ಲೆಂಡಿನ ಸಂಸತ್ತನ್ನು ಮುಚ್ಚುವುದನ್ನು ವಿರೋಧಿಸಿ ಹುದ್ದೆ ಕಳೆದುಕೊಂಡವರು. ಕಾಯಿಲೆಯಲ್ಲಿ ಮಲಗಿದ್ದ ಆ ತಂದೆಯನ್ನು ನೆನೆದು ಮಗ ನ್ಯಾಯಾಲಯದಲ್ಲಿ ಕಣ್ಣೀರು ಹಾಕಿದ, ಸೇರಿದ ಜನರೂ ಕರಗಿದರು. ಅಂಥವನನ್ನು ಸೋಲಿಸಬೇಕಿತ್ತೇ?

ಶಾನನ್ ತೀರದವಳು

ನನಗೂ ಅದು ಚುಚ್ಚಿದೆ. ವೆಲಿಂಗ್ಟನ್ ಸರ್ಕಾರ ಸೇರಿದ ಯಾರನ್ನೇ ಆಗಲಿ ಎದುರಿಸುವುದು ಎಂದು ಅಸೋಸಿಯೇಷನ್ ಮೊದಲೇ ನಿರ್ಣಯ ಮಾಡಿತ್ತು. ಮೊದಲು ಒಬ್ಬ ಪ್ರಾಟೆಸ್ಟಂಟ್ ಅಭ್ಯರ್ಥಿಯನ್ನು, ಮೇಜರ್ ಮ್ಯಾಕ್ನಮಾರ ಎಂಬುವರನ್ನು ಕೇಳಿದರು. ಅವರು ಒಲ್ಲೆ ಎಂದ ಮೇಲೆ ಓಕಾನೆಲ್ ನಿಂತರು. ಒಳ್ಳೆಯ ಧಣಿ ಎಷ್ಟೇ ಒಳ್ಳೆಯವನಾದರೂ ಇನ್ನೊಬ್ಬರ ಪರವಾಗಿ ಮಾತಾಡುತ್ತಾನೆ. ಜನ ತಮ್ಮವನೇ ಹೋಗಿ ಮಾತಾಡಲಿ ಎಂದರು. ಅದರಲ್ಲಿ ತಪ್ಪು ಕಾಣುವುದಿಲ್ಲ.

ಬಯಲುಸೀಮೆ

ಧಣಿಗಳು ಸುಮ್ಮನಿದ್ದರೇ?

ಚರಿತ್ರೆ ಮೇಷ್ಟ್ರು

ಸರ್ ಎಡ್ವರ್ಡ್ ಓಬ್ರಿಯನ್ ಎಂಬ ದೊಡ್ಡ ಧಣಿ ಫಿಟ್ಜ್‌ಜೆರಾಲ್ಡ್ ಹೆಸರನ್ನು ಸೂಚಿಸಿದ್ದರು. ಅವರ ಒಕ್ಕಲುಗಳೇ ಅವರನ್ನು ಬಿಟ್ಟು ಹೋದರು. ಇನ್ನೊಂದು ಕಡೆ ಓಕಾನೆಲ್ ಹೆಸರನ್ನು ಅನುಮೋದಿಸಿದ ಟಾಮ್ ಸ್ಟೀಲ್ ಎಂಬಾತ ಪ್ರಾಟೆಸ್ಟಂಟ್ ಧಣಿಯೇ. ತನ್ನ ಒಕ್ಕಲನ್ನು ಕೆಡಿಸಿದರು ಎಂದು ಯಾವ ಧಣಿಗಾದರೂ ಬೇಸರವಾದರೆ ಬನ್ನಿ, ದ್ವಂದ್ವಕ್ಕೆ ಸಿದ್ಧ ಎಂದು ಸಾರಿದ್ದ! ಸರ್ ಎಡ್ವರ್ಡ್ ಮಗ ವಿಲಿಯಂ ಸ್ಮಿತ್ ಓಬ್ರಿಯನ್ ಆಗ ಎನಿಸ್ ಪಟ್ಟಣದ ಸಂಸತ್ ಸದಸ್ಯ, ಓಕಾನೆಲ್ ವಿರೋಧಿ. ಇದೇ ಹುಡುಗ 1848ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದು, ಮರಣದಂಡನೆ ತಪ್ಪಿ, ಟಾಸ್ಮೇನಿಯಾಕ್ಕೆ ಗಡೀಪಾರಾದ. ಧಣಿಯ ಮಗ, ಅಪ್ಪನ ಒಕ್ಕಲುಗಳಿಗಿಂತಲೂ ಮುಂದೆ ಹೋದ.

ಹೊಸ ಓದುಗಳು

ಮತ ಹೋದ ಮೇಲೆ ಆ ಒಕ್ಕಲುಗಳ ಗತಿ ಏನಾಯಿತು?

ಚರಿತ್ರೆ ಮೇಷ್ಟ್ರು

ಧಣಿಗೆ ಅವರಿಂದ ಇದ್ದ ಒಂದು ಉಪಯೋಗ ಹೋಯಿತು. ಮತವಿಲ್ಲದ ಸಣ್ಣ ಒಕ್ಕಲು ಎಂದರೆ ಬರಿಯ ಬಾಕಿಯ ಲೆಕ್ಕ. ಜೀವಾವಧಿ ಗುತ್ತಿಗೆ ಬರೆದುಕೊಡುವ ಅಗತ್ಯವೂ ಉಳಿಯಲಿಲ್ಲ. ಎಲ್ಲದಕ್ಕೂ ಇದೊಂದೇ ಕಾರಣವಲ್ಲ. 1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಬಿದ್ದಿತ್ತು, ಉಳುಮೆಗಿಂತ ದನ ಸಾಕುವುದು ಲಾಭ ಎಂದು ಧಣಿಗಳು ಆಗಲೇ ಲೆಕ್ಕ ಹಾಕುತ್ತಿದ್ದರು. 1845ರಿಂದ ಆಲೂಗಡ್ಡೆ ಕೊಳೆರೋಗ, ಬರ. ಕ್ಲೇರ್‌ನ ಕಿಲ್‌ರಶ್ ಕಡೆ ನಡೆದ ಒಕ್ಕಲೆಬ್ಬಿಸುವಿಕೆ ಇಡೀ ಐರ್ಲೆಂಡಿನಲ್ಲೇ ಕುಖ್ಯಾತ. ಮನೆಯ ಮಾಡು ಕಿತ್ತು ಹೊರಗೆ ನಿಲ್ಲಿಸಿದರು. 1841ರಿಂದ 1851ರ ನಡುವೆ ಕ್ಲೇರ್ ತನ್ನ ಜನರಲ್ಲಿ ಸುಮಾರು ಕಾಲು ಭಾಗವನ್ನು ಕಳೆದುಕೊಂಡಿತು.

ಗೇಣಿಮನೆ

ನಮ್ಮಲ್ಲಿ ಮತ ಉಳಿಯಿತು, ಅದರಿಂದ ಭೂಮಿ ಬಂತು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಅಪ್ಪ ಭೂನ್ಯಾಯ ಮಂಡಳಿಗೆ ಡಿಕ್ಲರೇಶನ್ ಕೊಟ್ಟರು. ಅರ್ಜಿ ಬರೆಯುವಾಗ ಅಜ್ಜ ಪಕ್ಕದಲ್ಲೇ ಕೂತು, ಧಣಿಗಳಿಗೆ ಬೇಸರವಾಗುತ್ತದೆ ಎಂದು ಅಳುತ್ತಿದ್ದರಂತೆ. ಗದ್ದೆ ನಮ್ಮ ಹೆಸರಿಗೆ ಬಂತು. ಪ್ರತಿ ಒಕ್ಕಲಿಗೂ ಒಂದು ಮತ ಇಲ್ಲದಿದ್ದರೆ ಆ ಕಾಯ್ದೆಯನ್ನು ಯಾವ ಸರ್ಕಾರ ತರುತ್ತಿತ್ತು? ಅದಕ್ಕೇ 1829ರ ಆ ಎರಡನೆಯ ಕಾಯ್ದೆಯನ್ನು ನಾನು ಕ್ಷಮಿಸಲಾರೆ.

ಕಾವೇರಿ ದಂಡೆ

ಗೇಣಿಮನೆಯವರ ಮಾತು ಒಪ್ಪುತ್ತೇನೆ. ಆದರೂ ಓಕಾನೆಲ್ ಬಗ್ಗೆ ನಮ್ಮ ಕಡೆಯಿಂದ ಒಂದು ಒಳ್ಳೆಯ ಮಾತು ಸಲ್ಲಬೇಕು. 1839ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿ ಆರಂಭವಾದಾಗ ಅದರ ಬೆಂಬಲಕ್ಕೆ ನಿಂತವರಲ್ಲಿ ಓಕಾನೆಲ್ ಇದ್ದರು. ಗುಲಾಮಗಿರಿಯ ವಿರುದ್ಧವೂ ಕೊನೆಯವರೆಗೆ ಗಟ್ಟಿಯಾಗಿ ಮಾತಾಡಿದರು.

ಹಳೆಯ ವಕೀಲ

ಕ್ಲೇರ್ ಇನ್ನೊಂದು ಉಪಚುನಾವಣೆಗೂ ಹೆಸರಾಗಿದೆ. 1917ರ ಜುಲೈ 10, ಈಸ್ಟ್ ಕ್ಲೇರ್. ಸದಸ್ಯ ವಿಲಿ ರೆಡ್ಮಂಡ್ ಯುದ್ಧಭೂಮಿಯಲ್ಲಿ ಮಡಿದಿದ್ದರು. ಆಗಷ್ಟೇ ಸೆರೆಯಿಂದ ಹೊರಬಂದಿದ್ದ ಸ್ವಾತಂತ್ರ್ಯ ಹೋರಾಟಗಾರ ಈಮನ್ ಡಿ ವಲೇರಾ 5,010 ಮತ ಪಡೆದರು, ಎದುರಾಳಿ ಪ್ಯಾಟ್ರಿಕ್ ಲಿಂಚ್ 2,035. ಓಕಾನೆಲ್ ಲಂಡನ್ ಸದನದಲ್ಲಿ ಕೂರಲು ಹೋರಾಡಿದರು. ಡಿ ವಲೇರಾ ಅಲ್ಲಿ ಕೂರುವುದೇ ಇಲ್ಲ ಎಂದು ಹೇಳಿ ಗೆದ್ದರು. ನಡುವೆ 89 ವರ್ಷ.

ಮಲೆನಾಡ ಮಳೆ

ಶಾನನ್ ತೀರದವರೇ, ಕಂಬದ ಬುಡದಲ್ಲಿ ಆ 2,057 ಜನರ ಬಗ್ಗೆ ಏನಾದರೂ ಬರೆದಿದೆಯೇ? ಹೋದಾಗ ನೋಡಿ ಹೇಳಿ. ಮಾರಿದರು ಎಂಬುದನ್ನು ನಾನು ಈಗಲೂ ಒಪ್ಪುವುದಿಲ್ಲ, ಆದರೆ ಮೇಷ್ಟ್ರ 'ಕಾಯಲಿಲ್ಲ' ಎಂಬ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಶಾನನ್ ತೀರದವಳು

ಭಾನುವಾರ ರಾತ್ರಿ ಪಾಳಿ ಮುಗಿಸಿ ಸೋಮವಾರ ಬೆಳಿಗ್ಗೆ ಹೋಗುತ್ತೇನೆ, ನಾಲ್ಕೂ ಬದಿಯನ್ನು ಓದಿ ಬರೆಯುತ್ತೇನೆ. ಗೇಣಿಮನೆಯವರೇ, ನಿಮ್ಮ ಅಜ್ಜ ಮರೆಯೊಳಗೆ ನಿಂತ ಸಂಗತಿಯನ್ನು ಆ ವೃದ್ಧರಿಗೆ ಹೇಳಿದೆ. ಇಂಗ್ಲಿಷಿನಲ್ಲಿ ಮುಡಿ, ಗೇಣಿ ಎಲ್ಲ ವಿವರಿಸುವಷ್ಟರಲ್ಲಿ ಸಾಕಾಯಿತು. ಅವರು ಎಲ್ಲವನ್ನೂ ಕೇಳಿ, ಯಾವ ಪೆಟ್ಟಿಗೆಗೆ ಹಾಕಿದರಂತೆ ಎಂದರು. ಹೇಳಲಿಲ್ಲವಂತೆ ಎಂದೆ. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.